ಹೊಸ್ತಿಲ ಹಳದಿ ಬಣ್ಣ ತೆಗೆಯುವ ಮುನ್ನ

ಪ್ರಶ್ನೆ: ಹೊಳೆನರಸೀಪುರದ ಹತ್ತಿರದ ಹಳ್ಳಿಯಲ್ಲಿ ನಮ್ಮದು ತಾತನ ಕಾಲದ ತೊಟ್ಟಿ ಮನೆ. ಹಬ್ಬ ಬಂತೆಂದರೆ ಬಾಗಿಲು, ಕಂಬ, ಬೋದಿಗೆ, ಕಿಟಕಿಗಳಿಗೆ ಆಯಿಲ್ ಪೇಂಟ್ ಹೊಡೆದು ಹೊಡೆದು ಕೆತ್ತನೆಯೇ ಮುಚ್ಚಿಹೋಗಿದೆ. ಅದನ್ನೆಲ್ಲ ತೆಗೆಸಿ, ಮರ ಕಾಣುವಂತೆ ಪಾಲಿಶ್ ಮಾಡಿಸಬೇಕೆಂದಿದ್ದೇವೆ. ಅರಕಲಗೂಡಿನಿಂದ ಬಂದ ಬಡಗಿ ಬ್ಲೋ ಲ್ಯಾಂಪ್ ಹಿಡಿದರೆ ಎರಡು ದಿನದ ಕೆಲಸ ಅನ್ನುತ್ತಾರೆ. ಚನ್ನರಾಯಪಟ್ಟಣದ ಭಾವ ಕಾಸ್ಟಿಕ್ ಸೋಡಾ ಸಾಕು ಅನ್ನುತ್ತಾರೆ. ಹಾಸನದ ಅಂಗಡಿಯಲ್ಲಿ ಒಂದು ಸಾಧಾರಣ ರಿಮೂವರ್, ಇನ್ನೊಂದು ದುಬಾರಿಯಾದ ‘ಪರಿಸರಸ್ನೇಹಿ’ ರಿಮೂವರ್ ತೋರಿಸಿದರು. ಮಗಳು ಚೊಚ್ಚಲ ಹೆರಿಗೆಗೆ ಬರುವವಳಿದ್ದಾಳೆ. ಯಾವುದು ಸುರಕ್ಷಿತ, ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ?

— ಓದುಗರೊಬ್ಬರು, ಹೊಳೆನರಸೀಪುರ ತಾಲ್ಲೂಕು

ಉತ್ತರ: ಬ್ಲೋ ಲ್ಯಾಂಪ್ ಬೇಡವೆಂದು ಬಡಗಿಗೆ ಇವತ್ತೇ ಹೇಳಿಬಿಡಿ. ಉಳಿದದ್ದನ್ನು ಸಾವಧಾನವಾಗಿ ನೋಡೋಣ.

ನೀವು ಕೇಳಿದ್ದು ಡಬ್ಬದೊಳಗಿನ ರಾಸಾಯನಿಕದ ಬಗ್ಗೆ. ಆದರೆ ನಿಮ್ಮಂಥ ಹಳೇ ಮನೆಯಲ್ಲಿ ಅದಕ್ಕಿಂತ ದೊಡ್ಡ ವಿಷ ಬಾಗಿಲ ಮೇಲೇ ಕೂತಿರುತ್ತದೆ. ಅದು ಸೀಸ. ಬಣ್ಣ ಬೇಗ ಒಣಗಲಿ, ಕಣ್ಣಿಗೆ ಹೊಡೆಯುವಂತಿರಲಿ ಎಂದು ಎನಾಮಲ್ ಬಣ್ಣಗಳಿಗೆ ಸೀಸದ ಸಂಯುಕ್ತಗಳನ್ನು ದಶಕಗಳ ಕಾಲ ಸೇರಿಸಿದರು. ಲೆಡ್ ಕ್ರೋಮೇಟ್ ಎಂಬ ಪುಡಿ ಅಚ್ಚ ಹಳದಿ. ಅದಕ್ಕೆ ನೀಲಿ ಬೆರೆಸಿದರೆ ನಮ್ಮ ಊರುಗಳ ಬಾಗಿಲುಗಳಲ್ಲಿ ಕಾಣುವ ಗಾಢ ಹಸಿರು. ನಮ್ಮ ಕಡೆ ಹೊಸ್ತಿಲಿಗೆ ದಿನಾ ಅರಿಶಿನ ಬಳಿಯುವ ಬದಲು ಹಳದಿ ಎನಾಮಲ್ ಹೊಡೆಸಿ, ಮೇಲೆ ಬಿಳಿ ಬಣ್ಣದಲ್ಲಿ ರಂಗೋಲಿಯ ಎಳೆ ಬರೆಸಿಬಿಡುವ ರೂಢಿ ಬಂದು ಎಷ್ಟೋ ವರ್ಷಗಳಾದವು. ನಿಮ್ಮ ಮನೆಯಲ್ಲೂ ಹಾಗೇ ಇದ್ದರೆ, ಇಡೀ ಮನೆಯಲ್ಲಿ ನನಗೆ ಮೊದಲು ಚಿಂತೆ ಹುಟ್ಟಿಸುವ ಜಾಗ ಅದು. ಬರುವವರು ಹೋಗುವವರು ತುಳಿದು ಸವೆಯುವುದು ಹೊಸ್ತಿಲು. ಅಂಬೆಗಾಲಿಡುವ ಮಗು ಕೈಯೂರಿ ದಾಟುವುದೂ, ದಾಟಿದ ಮೇಲೆ ಆ ಕೈಯನ್ನು ಬಾಯಿಗಿಡುವುದೂ ಅಲ್ಲೇ. ಹೊಸ್ತಿಲು ದಾಟುವ ಶಾಸ್ತ್ರವನ್ನು ಸಂಭ್ರಮದಿಂದ ಮಾಡುವ ನಾವು ಆ ಹಳದಿ ಯಾವುದರದ್ದು ಎಂದು ಕೇಳಿಕೊಂಡದ್ದಿಲ್ಲ.

ಕಿಟಕಿಯ ಸರಳುಗಳನ್ನೂ ನೋಡಿ. ಬಣ್ಣ ಎದ್ದ ಕಡೆ ಕೆಳಗೆ ಕೇಸರಿಗೆಂಪು ಪದರ ಕಂಡರೆ ಅದು ತುಕ್ಕು ಹಿಡಿಯದಿರಲೆಂದು ಹಚ್ಚಿದ ರೆಡ್ ಲೆಡ್ ಇದ್ದೀತು, ಅಂದರೆ ಬಹುಪಾಲು ಸೀಸವೇ. ಇಟ್ಟಿಗೆಯ ಕೆಂಪಿನ ರೆಡ್ ಆಕ್ಸೈಡ್ ಬೇರೆ, ಅದು ಕಬ್ಬಿಣದ ಆಕ್ಸೈಡ್.

ಮನೆ ಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂದು ಕೇಂದ್ರ ಸರ್ಕಾರ ನಿಯಮ ಹೊರಡಿಸಿದ್ದು 2016ರ ನವೆಂಬರ್‌ನಲ್ಲಿ, ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕಿಂತ ಹಿಂದೆ ಬಳಿದ ಪ್ರತಿಯೊಂದು ಪದರದಲ್ಲೂ ಸೀಸ ಇದೆಯೆಂದೇ ಎಣಿಸಿ ಕೆಲಸ ಮಾಡುವುದು ಕ್ಷೇಮ. ಖಚಿತವಾಗಿ ತಿಳಿಯಬೇಕಿದ್ದರೆ, ಬಾಗಿಲ ಹಿಂಬದಿಯಲ್ಲಿ ಎಲ್ಲ ಪದರಗಳೂ ಬರುವಂತೆ ಉಗುರಗಲದ ಚಕ್ಕೆ ಎಬ್ಬಿಸಿ, ಎನ್ಎಬಿಎಲ್ ಮಾನ್ಯತೆ ಇರುವ ಪ್ರಯೋಗಾಲಯಕ್ಕೆ ಕಳಿಸಿ. ಜೊತೆಗೆ ಒಂದು ಹೊಸ್ತಿಲಿನಿಂದ, ಒಂದು ಸರಳಿನಿಂದ ಕಳಿಸಿದರೆ ಸಾಕು.

ಸೀಸದ ಮಾತು ನಮ್ಮ ರಾಜ್ಯಕ್ಕೆ ಹೊಸದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ಒಂದು ಲೋಹದ ಬೆನ್ನು ಹತ್ತಿ ದಶಕಗಳನ್ನು ಕಳೆದವರು. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಜೊತೆ ಸೇರಿ ಬೆಂಗಳೂರೂ ಸೇರಿದಂತೆ ದೇಶದ ದೊಡ್ಡ ನಗರಗಳಲ್ಲಿ ನಡೆಸಿದ ರಕ್ತಪರೀಕ್ಷೆಯಲ್ಲಿ, ಪರೀಕ್ಷೆಗೆ ಒಳಗಾದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. ಆಗ ಪೆಟ್ರೋಲಿನಲ್ಲೂ ಸೀಸವಿತ್ತು. 2000ದಲ್ಲಿ ಅದು ಹೋಯಿತು, ಗಾಳಿ ತಿಳಿಯಾಯಿತು. ಬಾಗಿಲ ಮೇಲೆ ಬಳಿದದ್ದು ಮಾತ್ರ ಅಲ್ಲೇ ಉಳಿಯಿತು. ಇಷ್ಟರವರೆಗೆ ಅಪಾಯವಿಲ್ಲ ಎನ್ನಬಹುದಾದ ಸೀಸದ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗರ್ಭಿಣಿಯ ರಕ್ತದಿಂದ ಅದು ಕೂಸಿಗೂ ದಾಟುತ್ತದೆ.

ಇನ್ನು ಬ್ಲೋ ಲ್ಯಾಂಪ್ ಏಕೆ ಬೇಡ ಎಂಬುದು. ಅದರ ಜ್ವಾಲೆಯ ಕಾವಿಗೆ ಬಣ್ಣ ಉಬ್ಬಿ ಬರುವುದು ನಿಜ, ಜೊತೆಗೆ ಸೀಸ ಹೊಗೆಯಾಗಿ ಏಳುವುದೂ ನಿಜ. ಆ ಹೊಗೆಯ ಕಣ ಶ್ವಾಸಕೋಶದ ತಳಕ್ಕಿಳಿದು ರಕ್ತ ಸೇರುತ್ತದೆ. ಅಮೆರಿಕದಲ್ಲಿ ಹಳೇ ಮನೆಗಳ ರಿಪೇರಿಗೆ ಜ್ವಾಲೆ ಹಿಡಿಯುವುದನ್ನೇ ನಿಷೇಧಿಸಿದ್ದಾರೆ, ಹೀಟ್ ಗನ್ನಿಗೂ ಸುಮಾರು 590 ಡಿಗ್ರಿ ಸೆಲ್ಸಿಯಸ್ಸಿನ ಮಿತಿ ಹಾಕಿದ್ದಾರೆ. ತೊಟ್ಟಿ ಮನೆಯ ಅಟ್ಟದಲ್ಲಿ ಒಣ ಹುಲ್ಲು, ಇಲಿಯ ಗೂಡು, ನೂರು ವರ್ಷದ ಧೂಳು ಇರುತ್ತದೆ ಎಂಬುದನ್ನೂ ಮರೆಯಬೇಡಿ. ಒಣ ಬಣ್ಣವನ್ನು ಮೆಷಿನ್ನಿನಲ್ಲಿ ಉಜ್ಜುವುದು ಇದಕ್ಕಿಂತ ವಾಸಿಯಲ್ಲ. ಬೆಂಕಿಯಲ್ಲಿ ಹೊಗೆಯಾದದ್ದು ಅಲ್ಲಿ ಪುಡಿಯಾಗಿ ನಡುಮನೆಯ ಪಾತ್ರೆ, ಹಾಸಿಗೆ, ಅಕ್ಕಿ ಡಬ್ಬದ ಮೇಲೆಲ್ಲ ಕೂರುತ್ತದೆ.

ಹಾಗಾದರೆ ಬಣ್ಣವನ್ನು ಒದ್ದೆಯಾಗಿಯೇ ಎಬ್ಬಿಸಬೇಕು. ಡಬ್ಬಗಳನ್ನು ಹೋಲಿಸುವಾಗ ನನ್ನ ಮೊದಲ ಅಳತೆಗೋಲು ಇದೇ: ತೆಗೆದ ಬಣ್ಣ ಹಸಿಯಾಗಿ, ಕೆಸರಾಗಿ ಕೈಗೆ ಬರುತ್ತದೆಯೋ ಇಲ್ಲವೋ.

ಅಂಗಡಿಯವರು ತೋರಿಸಿದ ಸಾಧಾರಣ ರಿಮೂವರಿನಲ್ಲಿ ಹೆಚ್ಚಾಗಿ ಇರುವುದು ಮೀಥಿಲೀನ್ ಕ್ಲೋರೈಡ್. ಡೈಕ್ಲೋರೋಮೀಥೇನ್ ಎಂದೂ ಬರೆದಿರುತ್ತದೆ, ವ್ಯಾಪಾರದಲ್ಲಿ ಎಂಡಿಸಿ ಅನ್ನುತ್ತಾರೆ. ಕೆಲಸದಲ್ಲಿ ಇದಕ್ಕೆ ಸಾಟಿಯಿಲ್ಲ, ಅದನ್ನು ಮುಚ್ಚಿಡುವುದು ಸರಿಯಲ್ಲ. ಬಹಳ ಸಣ್ಣ ಅಣುವಾದ್ದರಿಂದ ಬಣ್ಣದ ಪದರಗಳೊಳಗೆ ನುಗ್ಗಿ ಅವನ್ನು ಉಬ್ಬಿಸುತ್ತದೆ. ಕಾಲು ಗಂಟೆಯಲ್ಲಿ ನಾಲ್ಕಾರು ಪದರ ಕಾಯಿಸಿದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಏಳುತ್ತವೆ. ಆದರೆ 40 ಡಿಗ್ರಿಗೇ ಕುದಿಯುವ ದ್ರವ ಅದು. ನಮ್ಮ ಬೇಸಗೆಯಲ್ಲಿ ಡಬ್ಬದ ಮುಚ್ಚಳ ತೆಗೆದರೆ ಸಾಕು, ಆವಿಯಾಗುತ್ತಲೇ ಇರುತ್ತದೆ. ಆವಿ ಗಾಳಿಗಿಂತ ಭಾರ. ಮೇಲೆ ತೊಟ್ಟಿ ಆಕಾಶಕ್ಕೆ ತೆರೆದಿದ್ದರೂ ಅದು ಕೋಣೆಯ ಮೂಲೆಯಲ್ಲಿ, ಬಚ್ಚಲಿನಲ್ಲಿ, ಕೂತು ಕೆಲಸ ಮಾಡುವವನ ಮೂಗಿನ ಮಟ್ಟದಲ್ಲಿ ನಿಲ್ಲುತ್ತದೆ. ದೇಹ ಅದರಲ್ಲಿ ಒಂದಷ್ಟನ್ನು ಕಾರ್ಬನ್ ಮಾನಾಕ್ಸೈಡ್ ಆಗಿ ಬದಲಿಸುವುದರಿಂದ ಹೃದ್ರೋಗಿಗಳಿಗೂ ಗರ್ಭಿಣಿಯರಿಗೂ ಅಪಾಯ ಇಮ್ಮಡಿ. ಅಮೆರಿಕದಲ್ಲಿ 2000ದಿಂದ 2011ರ ನಡುವೆ ಇದನ್ನು ಬಳಸಿ ಸ್ನಾನದ ತೊಟ್ಟಿಗಳ ಲೇಪ ತೆಗೆಯುತ್ತಿದ್ದ 13 ಕೆಲಸಗಾರರು ಸತ್ತರು. ಅಲ್ಲಿನ ಪರಿಸರ ಸಂಸ್ಥೆ 2019ರಲ್ಲಿ ಸಾರ್ವಜನಿಕರಿಗೆ ಇಂಥ ರಿಮೂವರ್ ಮಾರುವುದನ್ನು ನಿಷೇಧಿಸಿತು. ಯೂರೋಪು ಅದಕ್ಕೂ ಮೊದಲೇ ಕೈಬಿಟ್ಟಿತ್ತು. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯದು, ಪೇಟೆಯಲ್ಲಿ ಸಿಗುವ ತೆಳು ಕೈಗವಸನ್ನು ಈ ದ್ರವ ನಿಮಿಷಗಳಲ್ಲಿ ದಾಟಿಬಿಡುತ್ತದೆ. ನಿಮ್ಮ ಮನೆಗೆ ಇದು ಬೇಡ.

ದುಬಾರಿ ಡಬ್ಬದ ಮೇಲಿನ ‘ಪರಿಸರಸ್ನೇಹಿ’ ಎಂಬ ಮಾತಿಗೆ ಬರೋಣ. ಆ ಮಾತಷ್ಟೇ ಏನನ್ನೂ ಖಾತ್ರಿ ಕೊಡುವುದಿಲ್ಲ. ಆಧಾರವಿಲ್ಲದೆ ಇಂಥ ಹಸಿರು ಮಾತುಗಳನ್ನು ಜಾಹೀರಾತಿನಲ್ಲಿ ಬಳಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ಹಾಗಾಗಿ ಎದುರಿನ ಎಲೆಯ ಚಿತ್ರ ಬಿಟ್ಟು ಡಬ್ಬ ತಿರುಗಿಸಿ. ಒಳಗೇನಿದೆ ಎಂದು ಬರೆದಿಲ್ಲವೆಂದರೆ ಅಂಗಡಿಯವರಲ್ಲಿ ಸುರಕ್ಷತಾ ಮಾಹಿತಿ ಹಾಳೆ ಕೇಳಿ. ಕಂಪನಿಗಳು ಅದನ್ನು ಇಟ್ಟಿರುತ್ತವೆ, ಮೊಬೈಲಿಗೂ ತರಿಸಬಹುದು. ಅದರಲ್ಲಿ ರಾಸಾಯನಿಕಗಳ ಹೆಸರಿನ ಮುಂದೆ ಸಿಎಎಸ್ ಸಂಖ್ಯೆ ಇರುತ್ತದೆ. 75-09-2 ಕಂಡರೆ ಮೀಥಿಲೀನ್ ಕ್ಲೋರೈಡ್, ವಾಪಸ್ ಕೊಡಿ. 872-50-4 ಕಂಡರೂ ವಾಪಸ್ ಕೊಡಿ, ಅದು ಎನ್‌-ಮೀಥೈಲ್ ಪೈರೋಲಿಡೋನ್, ಚಿಕ್ಕದಾಗಿ ಎನ್ಎಂಪಿ. ವಾಸನೆ ಕಡಿಮೆ, ಬೇಗ ಆರುವುದಿಲ್ಲ ಎಂಬ ಗುಣಕ್ಕೆ ಮೀಥಿಲೀನ್ ಕ್ಲೋರೈಡಿನ ಬದಲಿಗೆ ಸುರಕ್ಷಿತ ಎಂದು ಬಹುಕಾಲ ಮಾರಾಟವಾದ ವಸ್ತು ಇದು. ಚರ್ಮದ ಮೂಲಕ ಸಲೀಸಾಗಿ ಒಳಸೇರುತ್ತದೆ, ಹುಟ್ಟಲಿರುವ ಮಗುವಿಗೆ ಹಾನಿ ಮಾಡಬಲ್ಲದೆಂದು ಯೂರೋಪು ಇದನ್ನು ವರ್ಗೀಕರಿಸಿದೆ. ಹೆರಿಗೆಗೆ ಮಗಳು ಬರುವ ಮನೆಗೆ ಹಸಿರು ಹಣೆಪಟ್ಟಿ ಹಚ್ಚಿಕೊಂಡು ಇಂಥದ್ದು ಬರಕೂಡದು.

100-51-6 ಎಂದಿದ್ದರೆ ಅದು ಬೆಂಜೈಲ್ ಆಲ್ಕೋಹಾಲ್. ಈಗ ಸಿಗುವವುಗಳಲ್ಲಿ ನಾನು ಹೇಳುವುದು ಇದನ್ನೇ, ಗಟ್ಟಿ ಜೆಲ್ ರೂಪದಲ್ಲಿರುವುದನ್ನು. ಕುದಿಯಲು 205 ಡಿಗ್ರಿ ಬೇಕು, ಆದ್ದರಿಂದ ಆವಿ ಕಡಿಮೆ. ಬೆಂಕಿ ಹತ್ತುವ ಭಯವೂ ಥಿನ್ನರ್‌ಗೆ ಹೋಲಿಸಿದರೆ ಬಹಳ ಕಡಿಮೆ. ಹಳೇ ಎನಾಮಲ್ಲನ್ನು ನಿಜವಾಗಿ ಮೆತ್ತಗೆ ಮಾಡುತ್ತದೆ, ಆದರೆ ಗಂಟೆಗಳ ಲೆಕ್ಕದಲ್ಲಿ. ದಪ್ಪ ಪದರಕ್ಕೆ ಒಂದು ರಾತ್ರಿ ಬಿಡಬೇಕು, ಎರಡನೆಯ ಸಲ ಹಚ್ಚಬೇಕಾಗಿ ಬಂದರೂ ಆಶ್ಚರ್ಯವಿಲ್ಲ. ಕಣ್ಣಿಗೆ ಬಿದ್ದರೆ ಉರಿ, ಚರ್ಮಕ್ಕೂ ಒಳ್ಳೆಯದಲ್ಲ. ಬ್ಯೂಟೈಲ್ ರಬ್ಬರಿನ ಕೈಗವಸು, ಕನ್ನಡಕ ಬೇಕೇ ಬೇಕು. ಸುರಕ್ಷಿತ ಎಂದರೆ ಕೈ ಅದ್ದಬಹುದು ಎಂದಲ್ಲ.

ಡೈಬೇಸಿಕ್ ಎಸ್ಟರ್ ಎಂಬ ಗುಂಪಿನವು, ಸೋಯಾ ಎಣ್ಣೆಯಿಂದ ಮಾಡಿದವು ಇನ್ನೂ ಸೌಮ್ಯ, ಇನ್ನೂ ನಿಧಾನ. ಒಂದು ದಿನ ಪೂರ್ತಿ ಕಾದರೂ ಕೆಳಗಿನ ಪದರ ಜಗ್ಗದಿರಬಹುದು. ಸೋಯಾದ್ದು ಮರದ ಮೇಲೆ ಎಣ್ಣೆಪಸೆ ಬಿಡುತ್ತದೆ, ಚೆನ್ನಾಗಿ ತೊಳೆಯದಿದ್ದರೆ ಪಾಲಿಶ್ ಹಿಡಿಯುವುದಿಲ್ಲ. ಕಿತ್ತಳೆ ಸಿಪ್ಪೆಯ ಸಾರ ಎಂದು ಬರುವ ಲಿಮೊನೀನ್ ಕೇಳಲು ಚೆಂದ, ಹಳೇ ಆಯಿಲ್ ಪೇಂಟಿನ ಮೇಲೆ ಅದರ ಶಕ್ತಿ ಸಾಲದು. ಮೇಲಾಗಿ ಬೆಂಕಿ ಹತ್ತುವಂಥದ್ದು, ಗಾಳಿಗೆ ಹಳಸಿದಾಗ ಚರ್ಮದ ಅಲರ್ಜಿ ತರುವಂಥದ್ದು, ನೀರಿನ ಜೀವಿಗಳಿಗೆ ತೀವ್ರ ವಿಷ. ಗಿಡದಿಂದ ಬಂದ ಮಾತ್ರಕ್ಕೆ ಹೊಳೆಗೆ ಹಿತವಲ್ಲ.

ನಿಮ್ಮ ಭಾವನವರ ಕಾಸ್ಟಿಕ್ ಸೋಡಾ ಪೂರ್ತಿ ತಳ್ಳಿಹಾಕುವ ಮಾತಲ್ಲ. ಎಣ್ಣೆಯ ಬಣ್ಣವನ್ನು ಅದು ಸಾಬೂನು ಮಾಡಿಬಿಡುತ್ತದೆ, ಆವಿಯೂ ಇಲ್ಲ, ಅಗ್ಗ. ಕಬ್ಬಿಣದ ಸರಳುಗಳಿಗೆ, ಅದೂ ಚೌಕಟ್ಟಿನಿಂದ ಬಿಚ್ಚಲು ಬರುವಂತಿದ್ದರೆ, ಅದು ನಡೆಯುತ್ತದೆ. ಮರಕ್ಕೆ ಬೇಡ. ಹೊನ್ನೆ, ತೇಗದಂಥ ಮರಗಳಲ್ಲಿರುವ ಟ್ಯಾನಿನ್‌ಗೆ ಕ್ಷಾರ ತಾಗಿದರೆ ಮರ ಕಪ್ಪಾಗುತ್ತದೆ, ನಾರು ಎದ್ದು ಬರುತ್ತದೆ. ಅಷ್ಟು ಕಷ್ಟಪಟ್ಟು ಬಣ್ಣ ತೆಗೆಸುವುದೇ ಮರದ ಬಣ್ಣ ನೋಡಲಿಕ್ಕಲ್ಲವೇ? ಚರ್ಮಕ್ಕೆ ಬಿದ್ದರೆ ಮೊದಲು ಉರಿ ಗೊತ್ತಾಗದೆ ಆಳಕ್ಕೆ ಸುಡುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಕಲಸಿದರೆ ಜಲಜನಕ ಉಕ್ಕಿ ಬರುತ್ತದೆ. ಬಳಸಲೇಬೇಕಿದ್ದರೆ ಪ್ಲಾಸ್ಟಿಕ್ ಬಕೆಟ್ಟಿನ ತಣ್ಣೀರಿಗೆ ಸೋಡಾ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಬಾರದು.

ಈಗ ಒಂದು ಬೋದಿಗೆಯನ್ನು ಹಿಡಿದು ಕೆಲಸ ಹೇಗೆ ಸಾಗಬೇಕೆಂದು ಹೇಳುತ್ತೇನೆ, ಉಳಿದದ್ದಕ್ಕೂ ಅದೇ ಕ್ರಮ. ಧನುರ್ಮಾಸದ ಚಳಿಯಲ್ಲಿ ಜೆಲ್ ಮಂಕಾಗಿರುತ್ತದೆ. ಫೆಬ್ರವರಿ ಕಳೆದು ಬಿಸಿಲೇರುವಾಗ ಹಾಸನದ ಹವೆ ಈ ಕೆಲಸಕ್ಕೆ ಸರಿ. ಕಂಬದ ಬುಡದ ಸುತ್ತ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ. ಮೊದಲು ಬೋದಿಗೆಯ ಹಿಂಭಾಗದಲ್ಲಿ, ಕಣ್ಣಿಗೆ ಬೀಳದ ಕಡೆ ಅಂಗೈಯಗಲ ಹಚ್ಚಿ ನೋಡಿ. ಎರಡು ಗಂಟೆಗೊಮ್ಮೆ ಮರದ ಕಡ್ಡಿಯಿಂದ ಕೆರೆದರೆ ಎಷ್ಟು ಹೊತ್ತಿಗೆ ಮರ ಕಾಣುತ್ತದೆಂದು ತಿಳಿಯುತ್ತದೆ. ಆಮೇಲೆ ಇಡೀ ಬೋದಿಗೆಗೆ ಎರಡು ಮೂರು ಮಿಲಿಮೀಟರ್ ದಪ್ಪಕ್ಕೆ ಮೆತ್ತಬೇಕು. ಬ್ರಷ್ಷನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡಬಾರದು, ತೆಳುವಾದರೆ ಆರಿಹೋಗುತ್ತದೆ. ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಿಚ್ಚಿದಾಗ ಹಸಿರು, ನೀಲಿ, ಅದರಡಿಯ ಹಳದಿ ಎಲ್ಲ ಸೇರಿ ಮೆತ್ತನೆಯ ಕೆಸರಾಗಿರುತ್ತದೆ. ಸಮತಟ್ಟಾದ ಕಡೆ ಪ್ಲಾಸ್ಟಿಕ್ ಪಟ್ಟಿಯಿಂದ ಎತ್ತಿ. ಕೆತ್ತನೆಯ ಹೂವಿನ ಎಸಳಿಗೆ, ಗಿಳಿಯ ಕೊಕ್ಕಿಗೆ ಕಬ್ಬಿಣದ ಉಳಿ ತಾಗಿಸಬೇಡಿ. ಬಿದಿರ ಕಡ್ಡಿಯ ತುದಿ ಚಪ್ಪಟೆ ಮಾಡಿಕೊಂಡು, ತೆಂಗಿನ ನಾರಿನ ಗುಂಜಿನಿಂದ ತಿಕ್ಕಿದರೆ ಸಂದಿನ ಬಣ್ಣ ಬರುತ್ತದೆ, ಗೆರೆ ಉಳಿಯುತ್ತದೆ. ಕೊನೆಗೆ ಡಬ್ಬದ ಮೇಲೆ ಹೇಳಿದಂತೆ ಒದ್ದೆ ಬಟ್ಟೆಯಿಂದ ಒರೆಸಿ, ವಾರವಾದರೂ ಒಣಗಲು ಬಿಟ್ಟು ಪಾಲಿಶ್‌ಗೆ ಕೈ ಹಾಕಿ. ಎಮರಿ ಪೇಪರ್ ಹಾಕಬೇಕಾದರೂ ನೀರು ಚಿಮುಕಿಸಿಯೇ ಉಜ್ಜಬೇಕು.

ಕಂಬ ನಿಂತಿರುವ ಕಲ್ಲಿನ ಪೀಠಕ್ಕೂ ಬಣ್ಣ ಬಳಿದಿದ್ದರೆ ಅಲ್ಲಿ ಕಾಸ್ಟಿಕ್ ಬೇಡವೇ ಬೇಡ. ಅದರ ಉಪ್ಪು ಕಲ್ಲಿನೊಳಗೆ ಇಳಿದು, ಹರಳುಗಟ್ಟಿ, ಮೇಲ್ಮೈಯನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಇದನ್ನು ಹೇಳುವಾಗ ನಮ್ಮ ಜಿಲ್ಲೆಯ ಹಳ್ಳಿ ಹಳ್ಳಿಯ ಗುಡಿಗಳು ನೆನಪಾಗುತ್ತವೆ. ಹೊಯ್ಸಳರ ಬಳಪದ ಕಲ್ಲು ಉಗುರಿಗೂ ಗೀರು ಬೀಳುವಷ್ಟು ಮೃದು. ಎನಾಮಲ್ ಬಳಿದ ಮೂರ್ತಿಯನ್ನು ‘ಕ್ಲೀನ್’ ಮಾಡಲು ಭಕ್ತಿಯಿಂದಲೇ ತಂತಿ ಬ್ರಷ್, ಮರಳಿನ ಗಾಳಿ ಹಿಡಿದರೆ ಎಂಟುನೂರು ವರ್ಷದ ಉಳಿಗೆಲಸ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಬೇಲೂರು, ಹಳೇಬೀಡು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು, ಅವಕ್ಕೆ ಕಾವಲಿದೆ. ಕಾವಲಿಲ್ಲದ ಗುಡಿಗಳ ಟ್ರಸ್ಟಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ದಯವಿಟ್ಟು ಪುರಾತತ್ತ್ವ ಇಲಾಖೆಯವರನ್ನು ಕೇಳದೆ ಬಣ್ಣ ತೆಗೆಸಲು ಹೊರಡಬೇಡಿ.

ಕೆರೆದು ತೆಗೆದ ಕೆಸರಿನದೇ ಒಂದು ಚಿಂತೆ. ಅದನ್ನೂ, ಒರೆಸಿದ ಬಟ್ಟೆಯನ್ನೂ ಮುಚ್ಚಳವಿರುವ ಡಬ್ಬದಲ್ಲಿ ತುಂಬಿ, ಹೊರಗೆ ‘ಸೀಸದ ಬಣ್ಣ’ ಎಂದು ಬರೆದು, ಮನೆಯ ಅಪಾಯಕಾರಿ ಕಸವೆಂದು ಪುರಸಭೆ ಇಲ್ಲವೇ ಪಂಚಾಯಿತಿಯವರಿಗೆ ಬೇರೆಯಾಗಿ ಒಪ್ಪಿಸಿ. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತದೆ. ತೊಳೆದ ನೀರು ಚರಂಡಿ ಹಿಡಿದು ಹೇಮಾವತಿಗೆ ಇಳಿಯುತ್ತದೆ. ರಾಮನಾಥಪುರದಲ್ಲಿ ಕಾವೇರಿಯ ಮೀನುಗಳನ್ನು ದೇವರ ಮೀನೆಂದು ಕೈಮುಗಿಯುವ ಸೀಮೆ ನಮ್ಮದು, ಹೇಮಾವತಿಯ ಮೀನಿಗೂ ಆ ಕಾಳಜಿ ಸಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಿತ್ತುಹಾಕಿದ ಬಣ್ಣದ ಮರದ ಚೂರನ್ನು ಬಚ್ಚಲ ಒಲೆಗೆ ಹಾಕುವ ಅಭ್ಯಾಸ ನಿಲ್ಲಿಸಿ. ಹೊಗೆಯಲ್ಲೂ ಸೀಸ, ಬೂದಿಯಲ್ಲೂ ಸೀಸ. ಆ ಬೂದಿಯಲ್ಲಿ ಪಾತ್ರೆ ಬೆಳಗುವ ಮನೆಗಳು ಇನ್ನೂ ಇವೆ. ಬಾಣಂತಿಗೆ, ಕೂಸಿಗೆ ನೀರು ಕಾಯುವುದೂ ಅದೇ ಒಲೆಯ ಮೇಲೆ.

ಬಡಗಿಯವರಿಗೂ ಇದನ್ನೆಲ್ಲ ಬಿಡಿಸಿ ಹೇಳಿ. ಕೆಲಸದ ಅಂಗಿ ಅಲ್ಲೇ ಬಿಚ್ಚಿಟ್ಟು, ಕೈ ಮುಖ ತೊಳೆದು ಊಟಕ್ಕೆ ಕೂರಲಿ, ಸೀಸ ಅವರ ಬಟ್ಟೆಯಲ್ಲಿ ಅವರ ಮಕ್ಕಳಿಗೂ ಹೋಗುತ್ತದೆ. ಎರಡು ದಿನದ ಕೂಲಿಗೆ ಒಪ್ಪಿಕೊಂಡವರಿಗೆ ಎರಡು ಮೂರು ವಾರ ಹಿಡಿಯುವ ಕೆಲಸ ಕೊಡುತ್ತಿದ್ದೀರಿ, ಕೂಲಿಯೂ ಅದಕ್ಕೆ ತಕ್ಕಂತಿರಬೇಕು. ಪರಿಸರಸ್ನೇಹಿ ಡಬ್ಬದ ನಿಜವಾದ ಖರ್ಚು ಡಬ್ಬದಲ್ಲಿಲ್ಲ, ಅದು ಕೇಳುವ ಹೊತ್ತಿನಲ್ಲಿದೆ.

ಮಗಳ ವಿಚಾರ. ಕೆಲಸವೆಲ್ಲ ಮುಗಿದು, ಮನೆಯನ್ನು ಮೇಲಿಂದ ಕೆಳಗೆ ಒದ್ದೆ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸಿ, ಒಂದು ತಿಂಗಳು ಕಳೆದ ಮೇಲೆ ಅವರು ಬರಲಿ. ಅಷ್ಟು ಸಮಯವಿಲ್ಲವೆಂದರೆ ಈ ವರ್ಷ ಬಾಗಿಲು, ಬೋದಿಗೆಗಳ ತಂಟೆಗೆ ಹೋಗಬೇಡಿ. ಗಟ್ಟಿಯಾಗಿ ಹಿಡಿದುಕೊಂಡಿರುವ ಹಳೇ ಬಣ್ಣ ಇದ್ದಲ್ಲೇ ಇದ್ದರೆ ತೊಂದರೆ ಕೊಡುವುದಿಲ್ಲ. ಚಕ್ಕೆ ಏಳುತ್ತಿರುವುದು, ತಿಕ್ಕಾಟಕ್ಕೆ ಸಿಗುವುದು ಮಾತ್ರ ಕೆಟ್ಟದ್ದು. ಹೊಸ್ತಿಲು ಮತ್ತು ಉಜ್ಜಿಕೊಂಡು ಮುಚ್ಚುವ ಕಿಟಕಿಯ ಅಂಚು, ಇವೆರಡನ್ನೇ ಈಗ ಜೆಲ್ ಹಾಕಿ ತೆಗೆಸಿ. ಅದಕ್ಕೂ ಆಗದಿದ್ದರೆ ನೀರು ಚಿಮುಕಿಸಿ ಸಡಿಲ ಚಕ್ಕೆಗಳನ್ನಷ್ಟೇ ಎತ್ತಿ, ಸೀಸವಿಲ್ಲವೆಂದು ಬರೆದಿರುವ ಹೊಸ ಬಣ್ಣವನ್ನು ಮೇಲೆ ಹೊಡೆಸಿ. ಹಿಂದೆ ಯಾವಾಗಲಾದರೂ ಮನೆಯಲ್ಲಿ ಒಣ ಬಣ್ಣ ಉಜ್ಜಿಸಿದ್ದು, ಆಗ ಪುಟ್ಟ ಮಕ್ಕಳು ಇದ್ದರೆಂದಾದರೆ ಅವರಿಗೆ ರಕ್ತದ ಸೀಸದ ಪರೀಕ್ಷೆ ಮಾಡಿಸಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಸೀಸ ಎಲ್ಲಿಂದ ಬರುತ್ತಿದೆಯೆಂದು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಹಾಸನದಲ್ಲಿ ಮಕ್ಕಳ ವೈದ್ಯರು ಬರೆದುಕೊಟ್ಟರೆ ರಕ್ತದ ಮಾದರಿಯನ್ನು ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸಬಹುದು.